ಹೆಬ್ಬೆರಳು ಎತ್ತುವ ಕೆಲಸ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಹೆಬ್ಬೆರಳು ಎತ್ತುವುದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ ಪಾಪ. ಬೆಳಗಿನಿಂದ ಸಂಜೆಯವರೆಗೆ ಸಿಮೆಂಟಿನ ಪ್ಲಾಟ್‌ಫಾರ್ಮ್ ಮೇಲೆ ನಿಂತು, ಬಗ್ಗಿ, ಒತ್ತಿ, ಎಳೆದು, ಮತ್ತೆ ನೆಟ್ಟಗೆ ನಿಂತು ಹೆಬ್ಬೆರಳು ಎತ್ತಿ ನೋಡಲಿ, ಆಮೇಲೆ ನಗು ಎಲ್ಲಿಂದ ಬರುತ್ತದೋ ನಾನೂ ನೋಡುತ್ತೇನೆ. ಸಂಜೆಯ ಹೊತ್ತಿಗೆ ಸೊಂಟ ನನ್ನದಲ್ಲ, ಮೊಣಕಾಲು ನನ್ನದಲ್ಲ. ಬಾಯಿ ಮಾತ್ರ ಹಾಗೇ ಉಳಿದಿರುತ್ತದೆ ಎಂದು ಪಾರ್ಕಿನವರು ಆಡಿಕೊಳ್ಳುತ್ತಾರೆ. ಅಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಮೈಕಮ್ಮ ಎಂದು. ಕೈಯಲ್ಲಿ ಮೈಕ್ ಇಲ್ಲದೆಯೇ ಕ್ಯೂನ ಕೊನೆಯವರೆಗೆ ಕೇಳಿಸುವ ಗಂಟಲು ನನ್ನದು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಗೊತ್ತಾಗಿದ್ದರೆ ಅವತ್ತೇ ಮುಖದ ನೀರಿಳಿಸುತ್ತಿದ್ದೆ.

ನಾವು ನೋಡಿಕೊಳ್ಳುವುದು ರೋಲರ್ ಕೋಸ್ಟರ್. ಗೇಟಿನ ಬೋರ್ಡಿನ ಮೇಲೆ ಅದಕ್ಕೆ ಏನೋ ಭಯಂಕರ ಹೆಸರು ಬರೆದು, ಬೆಂಕಿ ಉಗುಳುವ ಪ್ರಾಣಿಯ ಚಿತ್ರ ಬೇರೆ ಬಿಡಿಸಿದ್ದಾರೆ. ನಮಗೆ ಅದು ಮುದುಕಿ, ಅಷ್ಟೇ. ಏರು ಹತ್ತುವಾಗ ಮೈಯೆಲ್ಲ ನೋವಿನವಳ ಹಾಗೆ ನರಳುತ್ತಾ ಹತ್ತುತ್ತಾಳೆ, ಇಳಿಯುವಾಗ ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಪಾರ್ಕಿನಲ್ಲಿ ಹೊಸ ರೈಡುಗಳು ಎಷ್ಟೋ ಬಂದಿವೆ. ಆದರೂ ಜನ ಬಂದು ಸಾಲುಗಟ್ಟುವುದು ಇವಳ ಮುಂದೆಯೇ.

ಮುದುಕಿಯ ಗಾಡಿ ಬಂದು ನಿಂತಾಗ ಅದರ ಒಂದು ಕಡೆ ನಾನು, ಇನ್ನೊಂದು ಕಡೆ ಅತ್ತಿಗೆ. ಪ್ರತಿ ಸಾಲಿನಲ್ಲೂ ಇಬ್ಬರು ಕೂರುತ್ತಾರೆ, ಒಬ್ಬೊಬ್ಬರ ತೊಡೆಯ ಮೇಲೆ ಒಂದೊಂದು ಕಬ್ಬಿಣದ ಕಂಬಿ ಇಳಿಯುತ್ತದೆ. ಅದನ್ನು ತೊಡೆಗೆ ತಾಗುವವರೆಗೆ ಒತ್ತಬೇಕು, ಆಮೇಲೆ ಬೆರಳು ಹಾಕಿ ಮೇಲಕ್ಕೆ ಎಳೆದು ನೋಡಬೇಕು. ಒತ್ತುವುದಕ್ಕಿಂತ ಎಳೆಯುವುದು ಮುಖ್ಯ. ಏಕೆಂದರೆ ಕಂಬಿ ಬೀಗದ ಮೊದಲ ಹಲ್ಲಿಗೆ ಕಚ್ಚಿಕೊಂಡರೂ ಸಾಕು, ಗಾಜಿನ ಗೂಡಿನಲ್ಲಿ ಹಸಿರು ದೀಪ ಹತ್ತಿಬಿಡುತ್ತದೆ. ಕಂಬಿಗೂ ತೊಡೆಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂಬುದು ದೀಪಕ್ಕೆ ತಿಳಿಯುವುದಿಲ್ಲ, ಕೈಗೆ ಮಾತ್ರ ತಿಳಿಯುತ್ತದೆ. ನನ್ನ ಕಡೆ ಎಲ್ಲ ಸರಿ ಇದ್ದರೆ ನಾನು ಹೆಬ್ಬೆರಳು ಎತ್ತುತ್ತೇನೆ, ಅವಳ ಕಡೆ ಸರಿ ಇದ್ದರೆ ಅತ್ತಿಗೆ ಎತ್ತುತ್ತಾಳೆ. ಎರಡೂ ಹೆಬ್ಬೆರಳು ಕಂಡ ಮೇಲೆಯೇ ಗೂಡಿನೊಳಗೆ ಕುಳಿತವನು ಗುಂಡಿ ಒತ್ತುವುದು. ಅವನನ್ನು ನಾವು ಗೂಡಿನಪ್ಪ ಎನ್ನುತ್ತೇವೆ. ನಮ್ಮಿಬ್ಬರಲ್ಲಿ ಯಾರಾದರೂ ಹೆಬ್ಬೆರಳು ಎತ್ತದೆ ನಿಂತರೆ ಗಾಡಿ ಹೊರಡುವುದಿಲ್ಲ, ಆದರೆ ಯಾಕೆ ಎಂದು ಬಾಯಿಬಿಟ್ಟು ಹೇಳಬೇಕು. ಯಾವ ಕಡೆ, ಯಾವ ಸಾಲು. ಕಂಬಿ ನಿಜಕ್ಕೂ ಸಡಿಲವಿದ್ದರೆ ಅದನ್ನು ಹಾಗೆ ಬಿಟ್ಟವರು ಆ ಕ್ಷಣವೇ ಪ್ಲಾಟ್‌ಫಾರ್ಮ್ ಇಳಿಯಬೇಕು. ಎರಡನೆಯ ಮಾತಿಲ್ಲ, ಎರಡನೆಯ ಸಲ ಇಲ್ಲ.

ಗಂಡನ ಮನೆ ಬಿಟ್ಟು ನಾನು ಅಣ್ಣನ ಮನೆ ಬಾಗಿಲಿಗೆ ಬಂದು ನಿಂತಾಗ ಅಣ್ಣ ತಲೆ ಕೆರೆದುಕೊಂಡ. ಒಳಗೆ ಬಾ ಎಂದವಳು ಅತ್ತಿಗೆ. ಬೆಳಿಗ್ಗೆ ಎದ್ದು ಅಳುತ್ತಾ ಕೂತಿದ್ದವಳನ್ನು ಬೈದು ಎಬ್ಬಿಸಿ, ತಲೆ ಬಾಚಿಸಿ, ಪಾರ್ಕಿಗೆ ಕರೆದುಕೊಂಡು ಹೋಗಿ ತನ್ನ ಎದುರಿನ ಕಡೆಗೆ ನಿಲ್ಲಿಸಿಕೊಂಡವಳೂ ಅವಳೇ. ಒತ್ತು, ಎಳಿ, ನೋಡು, ಎತ್ತು ಎಂದು ಕಲಿಸಿದ್ದು ಅವಳು. ನಮ್ಮಿಬ್ಬರ ಸಂಬಳ ಸೇರಿದರೆ ಮನೆ ನಡೆಯುತ್ತದೆ. ಅಣ್ಣನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಅಂಗಡಿಯೋ ನೊಣ ಹೊಡೆಯುತ್ತಾ ಕೂತಿದೆ.

ಇಷ್ಟೆಲ್ಲ ಇದ್ದೂ ನಾವಿಬ್ಬರು ಮಾತು ಬಿಟ್ಟಿದ್ದೆವು. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ. ಒಂದು ಸಂಜೆ ಅತ್ತಿಗೆಯ ಕೈಯಿಂದ ಹಾಲಿನ ಪಾತ್ರೆ ಜಾರಿತು. ಒಲೆ, ಕಟ್ಟೆ, ನೆಲ, ನನ್ನ ಕಾಲು, ಎಲ್ಲ ಕಡೆ ಹಾಲು. ಅವತ್ತು ರಜೆಯ ದಿನದ ಜನಸಂದಣಿ ಮುಗಿಸಿ ಬಂದಿದ್ದೆ, ಬೆನ್ನು ಬಗ್ಗಿಸಿದರೆ ಏಳುವುದಿಲ್ಲ, ಏಳಿಸಿದರೆ ಬಗ್ಗುವುದಿಲ್ಲ. ಒರೆಸುವ ಬಟ್ಟೆ ಹಿಡಿದು ನೆಲಕ್ಕೆ ಕುಕ್ಕರಿಸುತ್ತಾ, ನಿಮ್ಮ ಕೈಗೇನು ರೋಗ ಬಂದಿದೆ ಎಂದೆ. ಮಾತು ಅಷ್ಟೇ. ಇಂಥವು ನನ್ನ ಬಾಯಿಂದ ದಿನಕ್ಕೆ ನಾಲ್ಕು ಉದುರುತ್ತವೆ, ಅತ್ತಿಗೆ ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಾಳೆ, ಊಟದ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ. ಅವತ್ತು ಅವಳು ಏನೂ ಹೇಳಲಿಲ್ಲ. ನನ್ನ ಮುಖವನ್ನೇ ನೋಡಿದಳು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾರನೆಯ ದಿನದಿಂದ ಮಾತಿಲ್ಲ.

ನಾನೇನು ಕಡಿಮೆಯೇ? ಅವಳು ಬಿಟ್ಟರೆ ನಾನೂ ಬಿಟ್ಟೆ. ಮನೆಯಲ್ಲಿ ಅಣ್ಣ ಅಂಚೆಯವನಾದ. ಉಪ್ಪು ಈ ಕಡೆ ಸರಿಸಲು ಹೇಳು, ಬಟ್ಟೆ ಒಣಗಿದ್ದರೆ ತೆಗೆಯಲು ಹೇಳು ಎಂದು ಅವನ ಮೂಲಕವೇ ಎಲ್ಲ. ಅವನು ಊಟ ಬಿಟ್ಟು ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಾ ಕೂರುತ್ತಿದ್ದ. ಬೆಳಿಗ್ಗೆ ಒಂದೇ ಬಸ್ಸು, ಬೇರೆ ಬೇರೆ ಸೀಟು. ಪಾರ್ಕಿಗೆ ಬಂದರೆ ಮಾತ್ರ ಗತಿಯಿಲ್ಲ, ಗಾಡಿ ಬಂದಾಗಲೆಲ್ಲ ಒಬ್ಬರನ್ನೊಬ್ಬರು ನೋಡಿ ಹೆಬ್ಬೆರಳು ಎತ್ತಬೇಕು. ಮುಖ ಊದಿಸಿಕೊಂಡೇ ಎತ್ತುತ್ತಿದ್ದೆವು. ಸೇರದವರ ಮುಖಕ್ಕೆ ಇಡೀ ದಿನ ಎಲ್ಲ ಸರಿ, ಎಲ್ಲ ಸರಿ ಎಂದು ತೋರಿಸುವ ಕೆಲಸ ನನ್ನ ಶತ್ರುವಿಗೂ ಬೇಡ.

ಇಲ್ಲಿ ಒಂದು ಪದ್ಧತಿ ಹೇಳಲೇಬೇಕು. ಬೆಳಿಗ್ಗೆ ಗೇಟು ತೆರೆಯುವ ಮೊದಲು ಮುದುಕಿಯನ್ನು ಖಾಲಿ ಓಡಿಸುತ್ತಾರೆ. ಆಮೇಲೆ ಪ್ಲಾಟ್‌ಫಾರ್ಮ್‌ನವರು ಕೂತು ಒಂದು ಸುತ್ತು ಹೋಗಬೇಕು. ನಾವು ಕೂರದ ಗಾಡಿಯಲ್ಲಿ ಜನರನ್ನು ಕೂರಿಸುವುದಿಲ್ಲ ಎಂಬುದು ಮುದುಕಿ ಇಲ್ಲಿಗೆ ಬಂದ ಕಾಲದಿಂದ ನಡೆದುಬಂದ ರೂಢಿ. ಕೂರುವುದು ಕೊನೆಯ ಸಾಲಿನಲ್ಲಿ, ಏಕೆಂದರೆ ಸೆಳೆತ ಹೆಚ್ಚು ಅಲ್ಲಿಯೇ, ಏನಾದರೂ ಅಲುಗಾಡುತ್ತಿದ್ದರೆ ಮೊದಲು ತಿಳಿಯುವುದೂ ಅಲ್ಲಿಯೇ. ತನ್ನ ಕಂಬಿಯನ್ನು ತಾನು ಒತ್ತಿಕೊಳ್ಳುವ ಹಾಗಿಲ್ಲ. ಪಕ್ಕದವಳದನ್ನು ನೀನು ಒತ್ತಬೇಕು, ನಿನ್ನದನ್ನು ಪಕ್ಕದವಳು. ಮಾತು ಬಿಟ್ಟ ಮೇಲೂ ನಾವು ಹೀಗೆಯೇ ಮಾಡುತ್ತಿದ್ದೆವು. ನಾನು ಅವಳ ಕಂಬಿ ಒತ್ತಿ ಎಳೆದು ಮುಖ ಆ ಕಡೆ ತಿರುಗಿಸುತ್ತಿದ್ದೆ, ಅವಳು ನನ್ನದನ್ನು ಒತ್ತಿ ಈ ಕಡೆ ತಿರುಗಿಸುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳು ನನ್ನ ಕಂಬಿ ಒತ್ತಿದ್ದು ನೆನಪಿದೆ. ಎರಡು ಸಲ ಒತ್ತಿದಳು. ಎಳೆದಳೋ ಇಲ್ಲವೋ ನಾನು ನೋಡಲಿಲ್ಲ, ನನ್ನ ಮುಖ ಆ ಕಡೆಗಿತ್ತು. ಹಸಿರು ದೀಪ ನೋಡಿ ಗೂಡಿನಪ್ಪ ಗುಂಡಿ ಒತ್ತಿದ, ಗಾಡಿ ಹೊರಟು ಸರಪಳಿಗೆ ಕಚ್ಚಿಕೊಂಡಿತು. ಕಟ ಕಟ ಎನ್ನುತ್ತಾ ಮುದುಕಿ ಏರು ಹತ್ತಿದಳು. ಮೇಲೆ ಹೋದಂತೆ ಕ್ಯಾಂಟೀನಿನ ತಗಡಿನ ಚಾವಣಿ, ಖಾಲಿ ಪಾರ್ಕಿಂಗ್, ಆಚೆ ಬಸ್ಸು ತಿರುಗುವ ಜಾಗ ಎಲ್ಲ ಕಾಣುತ್ತವೆ. ಎಷ್ಟು ಬೆಳಗು ನೋಡಿದ್ದೇನೋ ಇದನ್ನು. ಹೊಸಬರಿಗೆ ಇಲ್ಲಿ ಎದೆ ಡವಡವ ಎನ್ನುತ್ತದೆ, ನನಗೆ ಆಕಳಿಕೆ ಬರುತ್ತದೆ.

ಮುಂದಿನ ಸಾಲುಗಳು ತುದಿ ದಾಟಿ ಮರೆಯಾದವು. ಕೊನೆಯ ಸಾಲಿಗೆ ಏರು ಮುಗಿಯುವ ಮೊದಲೇ ಇಳಿಜಾರು ಶುರುವಾಗುತ್ತದೆ, ಮುಂದಿನ ಭಾರವೆಲ್ಲ ಸೇರಿ ನಮ್ಮನ್ನು ಕಿತ್ತುಕೊಂಡು ಹೋಗುತ್ತದೆ. ದಿನವೂ ಅಲ್ಲಿ ಮೈ ಹಗುರಾಗಿ ಕಂಬಿಗೆ ಒತ್ತುತ್ತದೆ, ಅಷ್ಟೇ. ಅವತ್ತು ಒತ್ತಲಿಲ್ಲ. ನಾನು ಮೇಲೆದ್ದೆ. ಸೀಟು ಕೆಳಗೆ ಹೋಯಿತು, ನಾನು ಹೋಗಲಿಲ್ಲ. ತೊಡೆ ಕಂಬಿಗೆ ತಾಗುವ ಹೊತ್ತಿಗೆ ನನ್ನ ಅರ್ಧ ಮೈ ಗಾಳಿಯಲ್ಲಿತ್ತು, ಕೆಳಗೆ ಹಳಿಯ ಕಂಬಗಳು, ಹುಲ್ಲು, ಯಾರೋ ಬಿಟ್ಟುಹೋದ ಟೋಪಿ. ಎರಡೂ ಕೈಯಲ್ಲಿ ಮುಂದಿನ ಸೀಟಿನ ಹಿಡಿಕೆ ಹಿಡಿದುಕೊಂಡೆ. ಕೆಳಗೆ ಬಂದು ಸೀಟಿಗೆ ಅಪ್ಪಳಿಸಿದಾಗ ಬೆನ್ನುಮೂಳೆ ಮುರಿಯಿತು ಎಂದುಕೊಂಡೆ. ಎರಡನೆಯ ದಿಬ್ಬದಲ್ಲಿ ಮತ್ತೆ ಎದ್ದೆ, ತಿರುವಿನಲ್ಲಿ ಕಂಬಿ ಪಕ್ಕೆಗೆ ಬಡಿಯಿತು. ಆಮೇಲಿನ ಸುತ್ತುಗಳಲ್ಲಿ ಆಕಾಶ ಯಾವುದು ನೆಲ ಯಾವುದು ಎಂದು ನೋಡಲಿಲ್ಲ, ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದೆ. ಬ್ರೇಕು ಬಿದ್ದು ಗಾಡಿ ನಿಂತಾಗ ಬೆರಳುಗಳು ಹಿಡಿಕೆಯಿಂದ ಬಿಡಿಸಿಕೊಳ್ಳಲಿಲ್ಲ, ಒಂದೊಂದಾಗಿ ತೆಗೆಯಬೇಕಾಯಿತು.

ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ನೇರವಾಗಿ ಮುಖ ಕೊಟ್ಟು ನೋಡುತ್ತಿದ್ದಳು. ಓಹೋ, ಹೀಗೋ ಎಂದುಕೊಂಡೆ. ಎದ್ದೆನೋ ಬಿದ್ದೆನೋ ನೋಡುತ್ತಿದ್ದಾಳೆ. ಕೈಗೆ ರೋಗ ಬಂದಿದೆಯೇ ಎಂದಿದ್ದಕ್ಕೆ ಇದು ಉತ್ತರ. ಕಂಬಿ ಹೇಗೆ ಒತ್ತಬೇಕು ಎಂದು ನನಗೆ ಕಲಿಸಿದವಳು, ಅಷ್ಟು ಸಡಿಲ ಬಿಡಬೇಕಾದರೆ ಬೇಕೆಂದೇ ಬಿಟ್ಟಿರಬೇಕು. ಬೇರೆ ಯೋಚನೆ ನನ್ನ ತಲೆಗೆ ಬರಲೇ ಇಲ್ಲ. ಇಡೀ ಪಾರ್ಕು ಕಿವಿ ಮುಚ್ಚಿಕೊಳ್ಳುವ ಹಾಗೆ ಬೈಯಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಬೈದರೆ ನಾನೇ ಮೊದಲು ಮಾತಾಡಿದ ಹಾಗಾಗುತ್ತದಲ್ಲ. ಸತ್ತರೂ ಸರಿ, ಮೊದಲು ಬಾಯಿ ತೆರೆಯುವವಳು ನಾನಲ್ಲ ಎಂದು ಇಳಿದು ನನ್ನ ಕಡೆಗೆ ನಡೆದೆ.

ಗೇಟು ತೆರೆಯಿತು, ಜನ ಬಂದರು. ನನ್ನ ಕೈ ತನ್ನಷ್ಟಕ್ಕೆ ಒತ್ತುತ್ತಾ ಎಳೆಯುತ್ತಾ ಇತ್ತು, ಕಣ್ಣು ಮಾತ್ರ ಆ ಕಡೆಗೆ. ಇವಳ ಕುತಂತ್ರ ಹಿಡಿಯಲೇಬೇಕು, ಹಿಡಿದು ಅಣ್ಣನ ಮುಂದೆ ಇಡಬೇಕು, ನೋಡಪ್ಪಾ ನಿನ್ನ ಹೆಂಡತಿಯ ಬುದ್ಧಿ ಎಂದು. ಬಿಸಿಲು ತಗಡಿನ ಚಾವಣಿಯ ಮೇಲೆ ಕೂತಿತ್ತು. ಗಾಡಿ ಬರುತ್ತದೆ, ಕಿರುಚಿ ಕಿರುಚಿ ಗಂಟಲು ಒಣಗಿದವರು ಇಳಿಯುತ್ತಾರೆ, ಕಿರುಚಲು ಕಾದವರು ಹತ್ತುತ್ತಾರೆ. ಚಪ್ಪಲಿ ತೆಗಿರಿ, ಫೋನ್ ಒಳಗಿಡಿ, ಕೈ ಒಳಗೆ, ತಲೆ ಹಿಂದೆ ಎಂದು ನಾನು ಕೂಗುತ್ತೇನೆ. ಕೂಗಿದ್ದು ನಾನೇ ಎಂದು ನನಗೇ ಅನ್ನಿಸುವುದಿಲ್ಲ, ಅಷ್ಟು ಸಾಕಾಗಿವೆ ಆ ಮಾತುಗಳು.

ಮೊದಲು ಕಂಡಿದ್ದು ಮೊಣಕೈ. ಅತ್ತಿಗೆ ಅಂಗೈಯಿಂದ ಒತ್ತುತ್ತಿರಲಿಲ್ಲ, ಮೊಣಕೈ ಊರಿ ಮೈಭಾರ ಬಿಡುತ್ತಿದ್ದಳು. ಕೊಬ್ಬು ನೋಡು, ಜನರ ಮೇಲೆ ಒರಗಿಕೊಂಡು ಕೆಲಸ ಮಾಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಎಳೆಯುವುದನ್ನು ನೋಡಿದೆ. ಬೆರಳು ಹಾಕುತ್ತಿರಲಿಲ್ಲ, ಮಣಿಕಟ್ಟನ್ನು ಕಂಬಿಯ ಕೆಳಗೆ ತೂರಿಸಿ ಎತ್ತಿದ ಹಾಗೆ ಮಾಡುತ್ತಿದ್ದಳು. ದಪ್ಪಗಿನವರು ಕೂತಿದ್ದರೆ ಹೇಗೂ ಕಂಬಿ ಹೊಟ್ಟೆಗೆ ತಾಗಿ ನಿಲ್ಲುತ್ತದೆ, ಗೊತ್ತಾಗುವುದಿಲ್ಲ. ತೆಳ್ಳಗಿನವರ ಹತ್ತಿರ ಅವಳು ಎರಡು ಸಲ, ಮೂರು ಸಲ ಒರಗುತ್ತಿದ್ದಳು, ತುಟಿ ಕಚ್ಚಿಕೊಳ್ಳುತ್ತಿದ್ದಳು.

ಎರಡು ಗಾಡಿಗಳ ನಡುವೆ ಸ್ವಲ್ಪ ಬಿಡುವು ಸಿಕ್ಕಾಗ ಅವಳು ನೀರಿನ ಬಾಟಲಿ ತೆಗೆದಳು. ಮುಚ್ಚಳಕ್ಕೆ ಕೈ ಹಾಕಿದಳು, ಜಾರಿತು. ಅಂಗಿಯ ಅಂಚು ಸುತ್ತಿ ತಿರುಗಿಸಿದಳು, ಆಗಲಿಲ್ಲ. ಯಾರೂ ನೋಡುತ್ತಿಲ್ಲವೇ ಎಂದು ಆಚೆ ಈಚೆ ನೋಡಿ, ಬಾಟಲಿಯನ್ನು ಎರಡು ಮುಂಗೈಗಳ ನಡುವೆ ಅವುಚಿ, ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸಿದಳು. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

ಹಾಲಿನ ಪಾತ್ರೆ, ನಾನು ಆಡಿದ ಮಾತು, ಅವಳ ಮುಖ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಕೈಗೇನು ರೋಗ ಬಂದಿದೆ ಎಂದಿದ್ದೆ. ಬಂದಿತ್ತು. ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ. ಬೇಕೆಂದು ಬಿಟ್ಟ ಕಂಬಿಯಲ್ಲ ಅದು, ಅವಳಿಂದ ಕೂರಿಸಲಾಗದ ಕಂಬಿ. ಇದು ತಿಳಿಯುವ ಮೊದಲು ಬೆಳಗಿನಿಂದ ಎಷ್ಟು ಗಾಡಿಗೆ ನಾನು ಹೆಬ್ಬೆರಳು ಎತ್ತಿದ್ದೆನೋ. ಅಷ್ಟು ಗಾಡಿಯ ಜನ ಸುಮ್ಮನೆ ಇಳಿದು ಐಸ್‌ಕ್ರೀಮ್ ತಿನ್ನಲು ಹೋಗಿದ್ದರು.

ಅಷ್ಟರಲ್ಲಿ ಮುಂದಿನ ಗಾಡಿ ಬಂದು ನಿಂತಿತು. ಅತ್ತಿಗೆಯ ಕಡೆ ಮೂರನೆಯ ಸಾಲಿಗೆ ಒಬ್ಬ ಹುಡುಗಿ ಓಡಿಬಂದು ಕೂತಳು. ಗೇಟಿನ ಎತ್ತರದ ಗುರುತು ದಾಟಲು ಹಿಮ್ಮಡಿ ಎತ್ತಿರಬಹುದೇನೋ, ಅಷ್ಟು ಪುಟ್ಟವಳು, ಕಡ್ಡಿಯಂಥ ಕಾಲು. ಪಕ್ಕದಲ್ಲಿ, ನನ್ನ ಕಡೆಗೆ, ಅವಳ ಅಪ್ಪ. ನಾನು ಅಪ್ಪನ ಕಂಬಿ ಒತ್ತಿ ಎಳೆದು ಪಕ್ಕಕ್ಕೆ ಕಣ್ಣು ಹಾಯಿಸಿದೆ. ಅತ್ತಿಗೆ ಮಗುವಿನ ಮೇಲೆ ಮೊಣಕೈ ಊರಲು ಹೋದಳು, ನೋವಾದೀತು ಎಂದೋ ಏನೋ ಭಾರ ಬಿಡಲಿಲ್ಲ. ಮಣಿಕಟ್ಟು ತೂರಿಸಿ ಎತ್ತಿದಳು. ಆ ಹುಡುಗಿಯ ತೊಡೆಗೂ ಕಂಬಿಗೂ ನಡುವೆ ನನ್ನ ತಲೆ ತೂರುವಷ್ಟು ಜಾಗವಿತ್ತು. ಅತ್ತಿಗೆ ಮುಂದಿನ ಸಾಲುಗಳನ್ನು ಮುಗಿಸಿ ತನ್ನ ಜಾಗಕ್ಕೆ ಹೋಗಿ ನಿಂತು, ಹೆಬ್ಬೆರಳು ಎತ್ತಿದಳು. ಅದೂ ಪೂರ್ತಿ ನೆಟ್ಟಗೆ ನಿಲ್ಲಲಿಲ್ಲ.

ನಾನು ಎತ್ತಲಿಲ್ಲ.

ಎತ್ತದೆ ನಿಂತ ಆ ಹೊತ್ತಿನಲ್ಲಿ ಏನೇನು ಯೋಚಿಸಿದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಎತ್ತಿದರೆ ಬೆಳಿಗ್ಗೆ ನನಗಾದದ್ದು ಆ ಮಗುವಿಗೆ ಆಗುತ್ತದೆ, ನಾನು ಹಿಡಿಕೆ ಹಿಡಿದುಕೊಂಡೆ, ಅದಕ್ಕೆ ಕೈ ಎಟುಕುವುದೂ ಇಲ್ಲ. ಎತ್ತದಿದ್ದರೆ ಅತ್ತಿಗೆ ಇಳಿಯಬೇಕು. ಇಳಿದು ಹೋಗುವುದಾದರೂ ಎಲ್ಲಿಗೆ? ಪೊರಕೆ ಹಿಡಿಯಲು ಕೈ ಬೇಕು, ಟಿಕೆಟ್ ಹರಿಯಲು ಕೈ ಬೇಕು, ಐಸ್‌ಕ್ರೀಮ್ ತುಂಬಲು ಕೈ ಬೇಕು. ಕೈ ಬೇಡದ ಕೆಲಸ ಈ ಪಾರ್ಕಿನಲ್ಲಿ ಒಂದೂ ಇಲ್ಲ. ನನ್ನ ಕಡೆಯದೇ ಸಡಿಲ ಎಂದುಬಿಡಲೇ ಎನ್ನಿಸಿತು. ಆಗ ನಾನು ಇಳಿಯುತ್ತೇನೆ, ನನ್ನ ಜಾಗಕ್ಕೆ ಯಾರೋ ಹೊಸಬಳು ಬರುತ್ತಾಳೆ, ಅತ್ತಿಗೆ ಮೊಣಕೈಯಿಂದ ಒತ್ತುತ್ತಲೇ ಇರುತ್ತಾಳೆ. ನನ್ನನ್ನು ಒಳಗೆ ಕರೆದವಳು ಅವಳು. ಅವಳನ್ನು ಹೊರಗೆ ಹಾಕುವ ಮಾತು ನನ್ನ ಬಾಯಿಂದಲೇ ಬರಬೇಕಾಗಿತ್ತು.

ಗೂಡಿನಪ್ಪ ಸ್ಪೀಕರಿನಲ್ಲಿ ಏನಾಯಿತು ಎಂದು ಕೇಳಿದ. ಕ್ಯೂನಲ್ಲಿದ್ದವರು ಗೊಣಗಲು ಶುರುಮಾಡಿದರು. ಅತ್ತಿಗೆ ಮತ್ತೊಮ್ಮೆ ಹೆಬ್ಬೆರಳು ಎತ್ತಿ ನನ್ನನ್ನು ನೋಡಿದಳು. ನಾನು ಕೈ ಕೆಳಗೇ ಇಟ್ಟುಕೊಂಡೆ.

"ಯಾವ ಕಡೆ, ಯಾವ ಸಾಲು? ಹೇಳ್ರೀ ಮೈಕಮ್ಮ," ಎಂದ ಗೂಡಿನಪ್ಪ.

"ಆ ಕಡೆ. ಮೂರನೇ ಸಾಲು," ಎಂದೆ. ನನ್ನ ಧ್ವನಿ ಗೂಡಿನವರೆಗೆ ಹೋಗಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಮಾತನ್ನು ಇನ್ನೊಂದು ಸಲ ಹೇಳಬೇಕಾಯಿತು.

ಗೂಡಿನಪ್ಪ ಕೆಟ್ಟವನಲ್ಲ. ಅವನಿಗೂ ದಿನವಿಡೀ ಕೂತು ಕೂತು ಕಾಲು ಊದಿಕೊಳ್ಳುತ್ತದೆ. ಹಳಿ ದಾಟುವ ಪುಟ್ಟ ಸೇತುವೆ ಹತ್ತಿ ಇಳಿದು ಆ ಕಡೆಗೆ ಹೋಗಿ ಹುಡುಗಿಯ ಕಂಬಿಯ ಕೆಳಗೆ ತನ್ನ ಕೈ ಇಟ್ಟು ನೋಡಿದ. ಅವನ ಮುಖದ ಬಣ್ಣ ಇಳಿಯಿತು. ಅತ್ತಿಗೆಯ ಕಡೆಗೆ ತಿರುಗಿ, ಒತ್ತಮ್ಮಾ ನೋಡೋಣ ಎಂದ. ಮೆಲ್ಲಗೇ ಹೇಳಿದ. ಇಡೀ ಗಾಡಿ ಕತ್ತು ತಿರುಗಿಸಿ ನೋಡುತ್ತಿತ್ತು. ಅತ್ತಿಗೆ ಎರಡೂ ಕೈ ಮುಂದೆ ಚಾಚಿದಳು, ಕಂಬಿಯ ಮೇಲೆ ಇಡಲು ಹೋಗಿ ಹಿಂದಕ್ಕೆ ತೆಗೆದುಕೊಂಡಳು. ಆಗಲ್ಲ ಎಂದಳು. ಅಷ್ಟೇ ಮಾತು. ನಾವು ಹೋಗಲ್ವಾ ಅಪ್ಪಾ ಎಂದು ಆ ಹುಡುಗಿ ಕೇಳುತ್ತಿದ್ದಳು.

ಗೂಡಿನಪ್ಪ ತಾನೇ ಆ ಕಡೆಯ ಕಂಬಿಗಳನ್ನೆಲ್ಲ ಒತ್ತಿ ಎಳೆದ. ಡ್ಯಾಶಿಂಗ್ ಕಾರಿನ ರೈಡು ನೋಡಿಕೊಳ್ಳುವ ಒಬ್ಬಳನ್ನು ಕರೆಸಿದರು. ಅತ್ತಿಗೆ ಸೇತುವೆ ದಾಟಿ ನನ್ನ ಪಕ್ಕದಿಂದಲೇ ಹೋದಳು, ಕೆಳಗಿಳಿಯುವ ಮೆಟ್ಟಿಲು ಇರುವುದು ನನ್ನ ಕಡೆಗೆ. ನನ್ನತ್ತ ನೋಡಲಿಲ್ಲ. ಎದುರಿಗೆ ಬಂದ ಹೊಸಬಳು ಒತ್ತಿದಳು, ಎಳೆದಳು, ಹೆಬ್ಬೆರಳು ಎತ್ತಿದಳು. ನಾನೂ ಎತ್ತಿದೆ. ಸಂಜೆಯವರೆಗೂ ಎತ್ತುತ್ತಲೇ ಇದ್ದೆ. ಪ್ರತಿ ಸಲ ಕಲ್ಲು ಎತ್ತಿದಷ್ಟು ಭಾರ.

ಪಾಳಿ ಮುಗಿಸಿ ಹೆಂಗಸರು ಬಟ್ಟೆ ಬದಲಾಯಿಸುವ ರೂಮಿಗೆ ಹೋದಾಗ ಅವಳು ಬೆಂಚಿನ ಮೇಲೆ ಕೂತಿದ್ದಳು. ಯಾವಾಗಲೋ ಮನೆಗೆ ಹೋಗಿರುತ್ತಾಳೆ, ಅಲ್ಲಿ ಅಣ್ಣನ ಎದುರು ಹೇಗೆ ಮುಖ ತೋರಿಸಲಿ ಎಂದು ದಾರಿಯುದ್ದಕ್ಕೂ ಒದ್ದಾಡಿಕೊಂಡು ಬಂದಿದ್ದೆ. ಮೈಮೇಲೆ ಇನ್ನೂ ಪಾರ್ಕಿನ ಕೆಂಪು ಶರ್ಟು. ಮಧ್ಯಾಹ್ನದಿಂದ ಹಾಗೇ ಕೂತಿದ್ದಾಳೆ ಎಂದು ಲಾಕರಿನ ಬೀಗದ ಕೈ ಕೊಡುವವಳು ಬಾಗಿಲಲ್ಲೇ ಹೇಳಿದ್ದಳು, ಯಾರು ಮಾತಾಡಿಸಿದರೂ ಏನೂ ಬೇಡ ಎಂದಳಂತೆ.

"ಬಾಗಿಲು ಹಾಕು," ಎಂದಳು ಅತ್ತಿಗೆ.

ಹಾಕಿದೆ. ಚಿಲಕವನ್ನೂ ಹಾಕಿದೆ.

"ಬಟನ್ ಬಿಚ್ಚು. ಶರ್ಟ್ ವಾಪಸ್ ಕೊಡ್ಬೇಕಂತೆ. ನನಗೆ ಬಿಚ್ಚಕ್ಕಾಗಲ್ಲ."

ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಮೊಣಕಾಲು ಲಟಕ್ಕೆಂದಿತು. ಕತ್ತಿನ ಹತ್ತಿರದ ಬಟನ್‌ಗೆ ಕೈ ಹಾಕಿದೆ. ದಿನಾ ಯಾರು ಹಾಕುತ್ತಿದ್ದರು, ಯಾರು ಬಿಚ್ಚುತ್ತಿದ್ದರು ಎಂದು ಕೇಳಿದೆ. ನಿಮ್ಮಣ್ಣ, ಅದಕ್ಕೇ ಮನೆಯಿಂದಲೇ ಹಾಕಿಕೊಂಡು ಬಂದು ಹಾಕಿಕೊಂಡೇ ಹೋಗುತ್ತಿದ್ದೆ ಎಂದಳು. ಅಣ್ಣನಿಗೆ ಗೊತ್ತಿತ್ತು. ಊಟದ ತಟ್ಟೆಯ ಮುಂದೆ ಇಬ್ಬರ ಮುಖ ನೋಡುತ್ತಾ ಕೂರುತ್ತಿದ್ದ ಆ ಮಹಾನುಭಾವ ಎಲ್ಲ ಗೊತ್ತಿದ್ದೂ ತುಟಿ ಬಿಚ್ಚಿರಲಿಲ್ಲ. ಅವನ ಮೇಲೆ ಬಂದ ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ನನಗೆ ಯಾಕೆ ಹೇಳಲಿಲ್ಲ ಎಂದು ಇವಳನ್ನು ಕೇಳಿದೆ.

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಹಾಲು ಚೆಲ್ತು, ನೀನೇ ಹೇಳ್ಬಿಟ್ಟೆ."

ಎರಡನೆಯ ಬಟನ್ ಬಿಚ್ಚಿದೆ. ನೀರು ಚೆಲ್ಲಿದ್ದ ಜಾಗ ಒಣಗಿ ಗಟ್ಟಿಯಾಗಿತ್ತು.

ಆಮೇಲೆ ಅವಳೇ ಮಾತು ತೆಗೆದಳು. ಬೆರಳಿನ ಕಾಯಿಲೆ ಒಂದು ವಾರದಿಂದ ತುಂಬಾ ಹೆಚ್ಚಾಗಿದೆ ಎಂದಳು. ಡಾಕ್ಟರು ಮದ್ದು ಕೊಟ್ಟಿದ್ದಾರೆ, ಇಳಿಯಬಹುದು ಎಂದಿದ್ದಾರೆ, ಇಳಿಯದೆಯೂ ಇರಬಹುದು. ದೊಡ್ಡವರಿಗೆ ಮೊಣಕೈಯಲ್ಲಿ ಒತ್ತಿದರೆ ಆಗುತ್ತಿತ್ತು, ಇವತ್ತು ಅದೂ ಕೈಕೊಟ್ಟಿತು. ತಾನಾಗಿ ಗೂಡಿನಪ್ಪನ ಹತ್ತಿರ ಹೋಗಿ ಹೇಳಿಬಿಡಬೇಕು ಎಂದು ದಿನಾ ಬಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳಂತೆ. ಪ್ಲಾಟ್‌ಫಾರ್ಮ್ ಹತ್ತಿದ ಮೇಲೆ ಧೈರ್ಯ ಬರುತ್ತಿರಲಿಲ್ಲವಂತೆ.

"ಬೆಳಿಗ್ಗೆ ನಿನ್ನ ಕಂಬಿ ಕೂರಲಿಲ್ಲ. ನನಗೆ ಗೊತ್ತಾಯ್ತು," ಎಂದಳು. "ಗಾಡಿ ಹೊರಟುಬಿಡ್ತು. ಸರಿ, ಇವಳು ಕೆಳಗೆ ಬಂದ ತಕ್ಷಣ ಬಾಯಿ ಮಾಡ್ತಾಳೆ, ಇಡೀ ಪಾರ್ಕಿಗೆ ಕೇಳೋ ಹಾಗೆ ಬೈತಾಳೆ, ಅಲ್ಲಿಗೆ ಮುಗೀತು ಅಂದ್ಕೊಂಡೆ. ನನಗೂ ಹಗುರ ಆಗ್ತಿತ್ತು. ಇಳಿದ ಮೇಲೂ ನಿನ್ನೇ ನೋಡ್ತಾ ಕಾದೆ. ನೀನು ಬಾಯೇ ಬಿಡಲಿಲ್ಲ."

ಆಗ ನಾನು ಸುಮ್ಮನಿರಬೇಕಾಗಿತ್ತು. ಬೆಳಿಗ್ಗೆ ಎಲ್ಲಿ ಬಾಯಿ ತೆರೆಯಬೇಕಾಗಿತ್ತೋ ಅಲ್ಲಿ ಮುಚ್ಚಿಕೊಂಡಿದ್ದೆ, ಈಗ ಮುಚ್ಚಿಕೊಳ್ಳಬೇಕಾದ ಹೊತ್ತಿಗೆ ತೆರೆದೆ.

"ನೀವು ಬೇಕಂತಲೇ ಬಿಟ್ರಿ ಅಂದ್ಕೊಂಡೆ ಅತ್ತಿಗೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದು ಮುಖದಲ್ಲಿ ನಿಧಾನಕ್ಕೆ ಕಾಣಿಸಿತು. ಇಡೀ ಗಾಡಿಯ ಜನರ ಮುಂದೆ ಕೈ ಚಾಚಿ ಆಗಲ್ಲ ಎಂದಾಗಲೂ ಅವಳ ಮುಖ ಹಾಗಾಗಿರಲಿಲ್ಲ.

"ಬೇಕಂತ? ನಾನು?" ಎಂದಳು. "ನಿನ್ನನ್ನ?"

ಇನ್ನೂ ಬಟನ್‌ಗಳು ಉಳಿದಿದ್ದವು, ಕೈ ಅವುಗಳನ್ನು ಬಿಚ್ಚುತ್ತಾ ಹೋಯಿತು. ಅವಳು ಒಂದೊಂದೇ ತೋಳು ಬಿಟ್ಟುಕೊಟ್ಟಳು, ನಾನು ಶರ್ಟು ಎಳೆದು ತೆಗೆದೆ, ಲಾಕರಿನಲ್ಲಿ ಯಾವತ್ತೋ ಬಿಟ್ಟಿದ್ದ ಅವಳ ಬಟ್ಟೆ ತಂದು ತೊಡಿಸಿದೆ. ಅದಕ್ಕೂ ಬಟನ್‌ಗಳಿದ್ದವು, ಹಾಕಿದೆ. ಹೊರಗೆ ಯಾರೋ ಬಾಗಿಲು ತಟ್ಟಿ ಹೋದರು. ಅಷ್ಟು ಹೊತ್ತೂ ಅವಳು ನನ್ನ ತಲೆಯ ಮೇಲಿಂದ ಗೋಡೆ ನೋಡುತ್ತಿದ್ದಳು.

ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಚಿಲಕ ತೆಗೆಯಲು ನನಗಾಗಿ ಕಾಯಬೇಕಾಗಿತ್ತು.

"ನೀನು ಹಾಗೆ ಅಂದ್ಕೊಂಡಿದ್ದನ್ನ ನಿಮ್ಮಣ್ಣಂಗೆ ಹೇಳ್ಬೇಡ," ಎಂದಳು. "ನನ್ನ ಕೈ ಹೋಯ್ತು ಅಂದ್ರೆ ಹೇಗೋ ತಡ್ಕೊತಾರೆ. ಇದನ್ನ ತಡ್ಕೊಳಲ್ಲ."

ಹೂಂ ಎಂದೆ. ಚಿಲಕ ತೆಗೆದೆ. ಬಸ್ಸಿನಲ್ಲಿ ಅವಳು ಹೋಗಿ ಕೂತಳು, ಅವಳ ಪಕ್ಕದ ಸೀಟು ಖಾಲಿಯಿತ್ತು. ನಾನು ಕಂಬಿ ಹಿಡಿದು ನಿಂತೇ ಬಂದೆ.